ಅಟ್ಟೆ, ಪರ್ಯಾಯ, ಪಿವಟ್

ಶಂಕರಪುರದಲ್ಲಿ ಮಲ್ಲಿಗೆಯನ್ನು ಬಿಡಿಹೂವಿನ ಲೆಕ್ಕದಲ್ಲಿ ಯಾರೂ ಮಾರುವುದಿಲ್ಲ. ಬೆಳಿಗ್ಗೆ ಕೊಯ್ದ ಮೊಗ್ಗು ಬಾಳೆನಾರಿನಲ್ಲಿ ಕಟ್ಟುತ್ತ ಹೋಗಿ 800 ಆದರೆ ಒಂದು ಚೆಂಡು. ಅಂಥ 4 ಚೆಂಡು ಸೇರಿದರೆ ಒಂದು ಅಟ್ಟೆ. ದಿನದ ದರ ನಿಲ್ಲುವುದು ಅಟ್ಟೆಯ ಮೇಲೆ. ಕಾಪು ತಾಲೂಕಿನ ಈ ಪುಟ್ಟ ಪೇಟೆಯಲ್ಲಿ ನಿಗದಿಯಾದ ದರ ಉಡುಪಿ, ಮಂಗಳೂರು ದಾಟಿ ಮುಂಬೈಯ ಹೂವಿನ ಅಂಗಡಿಯವರೆಗೂ ಅದೇ ಹೊತ್ತಿಗೆ ತಲುಪಿರುತ್ತದೆ. 3,200 ಹೂವು ಒಂದು ಶಬ್ದದೊಳಗೆ ಅಡಗಿತು. ಕೊಳ್ಳುವವರಿಗೂ ಕೊಡುವವರಿಗೂ ಜಗಳವಿಲ್ಲ.

ಇದೇ ದರವನ್ನು ದಿನಕ್ಕೊಂದು ಸಾಲಿನಂತೆ ಕಂಪ್ಯೂಟರಿನಲ್ಲಿ ಬರೆದಿಡುವವರೂ ಈಗ ಇದ್ದಾರೆ. ಮೂರು ವರ್ಷ ಬರೆದರೆ ಸಾವಿರದಷ್ಟು ಸಾಲು. ಆಮೇಲೆ ಒಂದು ದಿನ ಕುತೂಹಲ ಹುಟ್ಟುತ್ತದೆ: ಯಾವ ತಿಂಗಳಲ್ಲಿ ಹೂವಿಗೆ ಒಳ್ಳೆಯ ಬೆಲೆ? ಪಿವಟ್ ಟೇಬಲ್ ತೆರೆದು, ತಾರೀಕಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಗ್ರೂಪ್' ಒತ್ತಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಆ ಉತ್ತರ ಹಲವು ಸಲ ತಪ್ಪು ಎಂಬುದೇ ಈ ಲೇಖನದ ವಿಷಯ. ಎಕ್ಸೆಲ್‌ಗೆ ಲೆಕ್ಕ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಅದು ಗುಂಪು ಮಾಡುವಾಗ ಬಳಸುವ ವರ್ಷ, ತಿಂಗಳು, ಅಳತೆಕೋಲು ಉಡುಪಿಯವಲ್ಲ.

ಪಿವಟ್ ಟೇಬಲ್ ಎಂದರೇನು ಎಂದು ಮಣಿಪಾಲದ ಕಾಲೇಜು ಹುಡುಗರನ್ನು ಕೇಳಿದರೆ ರೋಸ್, ಕಾಲಮ್ಸ್, ವ್ಯಾಲ್ಯೂಸ್ ಎಂದು ಪಾಠ ಶುರುವಾಗುತ್ತದೆ. ಹಳೆಯ ಕಾಲದ ಅಂಗಡಿಯವರಿಗೆ ಎರಡೇ ಶಬ್ದ ಸಾಕು: ಕಿರ್ದಿ ಮತ್ತು ಖಾತೆ. ದಿನವಿಡೀ ನಡೆದದ್ದೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ. ಸಂಜೆ ಕುಳಿತು ಅದನ್ನು ಒಬ್ಬೊಬ್ಬರ ಹೆಸರಿನ ಖಾತೆಗೆ ಏರಿಸಿದರೆ ಯಾರಿಂದ ಎಷ್ಟು ಬರಬೇಕು ಎಂಬುದು ತಿಳಿಯುತ್ತದೆ. ಕಿರ್ದಿಯನ್ನು ಮುಟ್ಟದೆ, ಅದರಿಂದ ಬೇಕಾದಷ್ಟು ಬಗೆಯ ಖಾತೆಗಳನ್ನು ಕ್ಷಣದಲ್ಲಿ ಏರಿಸಿ ಇಳಿಸುವ ಯಂತ್ರವೇ ಪಿವಟ್ ಟೇಬಲ್.

ಉಡುಪಿ-ಮಣಿಪಾಲದ ಮಟ್ಟಿಗೆ ಈ ಏರಿಸುವ ಕೆಲಸಕ್ಕೆ ದೊಡ್ಡ ಚರಿತ್ರೆಯೇ ಇದೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಜನರಿಗೆ ಇದು ಉಳಿತಾಯ. ಗುಮಾಸ್ತರಿಗೆ ಇದು ಸಾಲುಗಳ ಪ್ರವಾಹ. ಒಬ್ಬ ಪಿಗ್ಮಿ ಏಜೆಂಟ್ ದಿನಕ್ಕೆ ನೂರು ಮನೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ 30,000 ನಮೂದು. ಖಾತೆವಾರು, ಏಜೆಂಟ್‌ವಾರು, ತಿಂಗಳವಾರು ಮೊತ್ತ ತೆಗೆಯಲು ಆಗ ಇದ್ದದ್ದು ಪೆನ್ನು, ಲೆಡ್ಜರ್, ಗುಮಾಸ್ತನ ಕಣ್ಣು. 2020ರ ಏಪ್ರಿಲ್ 1ರಂದು ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 'ಪಿಗ್ಮಿ' ಎಂಬ ಶಬ್ದ ಮಾತ್ರ ಕರಾವಳಿಯ ಸೊಸೈಟಿಗಳಲ್ಲಿ ಇನ್ನೂ ಗಟ್ಟಿಯಾಗಿದೆ.

ಕಂಪ್ಯೂಟರಿನ ಕಡೆಯ ಕತೆ ಚಿಕ್ಕದು. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ವಿಸಿಕ್ಯಾಲ್ಕ್ ತಂದರು. ಅಂಕಣ ಹಾಕಿದ ಕಾಗದ ಪರದೆಗೆ ಬಂತು. ಲೋಟಸ್ ಕಂಪನಿಯಲ್ಲಿದ್ದ ಪಿಟೊ ಸಲಾಸ್ ಒಂದೇ ಮಾಹಿತಿಯನ್ನು ಹಲವು ದಿಕ್ಕಿನಿಂದ ತಿರುಗಿಸಿ ನೋಡುವ ಉಪಾಯ ಕಂಡುಕೊಂಡರು; 1991ರಲ್ಲಿ ಅದು ಇಂಪ್ರಾವ್ ಎಂಬ ತಂತ್ರಾಂಶವಾಗಿ ಹೊರಬಂತು. ಎರಡು ವರ್ಷ ಕಳೆದು ಮೈಕ್ರೋಸಾಫ್ಟ್ ಅದೇ ಉಪಾಯವನ್ನು ಎಕ್ಸೆಲ್ 5ರಲ್ಲಿ ಸೇರಿಸಿ ಪಿವಟ್ ಟೇಬಲ್ ಎಂದು ಹೆಸರಿಟ್ಟಿತು. ಲೋಟಸ್‌ನದು ಮರೆತುಹೋಯಿತು, ಎಕ್ಸೆಲ್‌ನದು ಉಳಿಯಿತು.

ಇನ್ನು ತಾರೀಕಿನ ವಿಷಯ. ಎಕ್ಸೆಲ್ ಒಳಗೆ ತಾರೀಕು ಎಂಬುದಿಲ್ಲ, ಇರುವುದು ದಿನಗಳ ಎಣಿಕೆ. 1900ರ ಜನವರಿ 1 ಎಂದರೆ 1. ಉಡುಪಿಯಲ್ಲಿ ಪುತ್ತಿಗೆ ಮಠದ ಪರ್ಯಾಯ ಆರಂಭವಾದ 2024ರ ಜನವರಿ 18 ಅದಕ್ಕೆ 45309. ಅಂಕಿಯಾದದ್ದರಿಂದಲೇ ಅದನ್ನು ತಿಂಗಳು, ತ್ರೈಮಾಸಿಕ, ವರ್ಷ ಎಂದು ಕಟ್ಟುಕಟ್ಟಲು ಸಾಧ್ಯ. (ಈ ಎಣಿಕೆಯಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನವೂ ಸೇರಿದೆ. ಲೋಟಸ್ 1-2-3 ಮಾಡಿದ ತಪ್ಪನ್ನು ಹೊಂದಾಣಿಕೆಗಾಗಿ ಎಕ್ಸೆಲ್ ಹಾಗೆಯೇ ಉಳಿಸಿಕೊಂಡಿತು. ನೂರಾರು ಕೋಟಿ ಫೈಲುಗಳಿಗೆ ಹಬ್ಬಿದ ಮೇಲೆ ಅದನ್ನು ತಿದ್ದುವ ಧೈರ್ಯ ಯಾರಿಗಿದೆ?)

ತೊಂದರೆ ಶುರುವಾಗುವುದು ತಾರೀಕು ಅಂಕಿಯಾಗದೆ ಬರಹವಾಗಿ ಉಳಿದಾಗ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. 18/01/2024 ಎಂದು ಬರೆದರೆ ಹದಿನೆಂಟನೆಯ ತಿಂಗಳು ಎಲ್ಲಿದೆ ಎಂದು ಸೋತು ಅದನ್ನು ಬರೀ ಅಕ್ಷರವಾಗಿ ಬಿಟ್ಟುಬಿಡುತ್ತದೆ. ಇಂಥ ಒಂದೇ ಒಂದು ಸಾಲಿದ್ದರೂ ಗ್ರೂಪ್ ಒತ್ತಿದಾಗ ಬರುವುದು ಪ್ರಸಿದ್ಧ ಗದರಿಕೆ: 'ಕ್ಯಾನಾಟ್ ಗ್ರೂಪ್ ದಟ್ ಸೆಲೆಕ್ಷನ್'. ಯಾವ ಸಾಲು, ಯಾಕೆ ಎಂಬ ವಿವರಣೆಯಿಲ್ಲ. ಬರಹವಾದ ತಾರೀಕು ಸೆಲ್‌ನ ಎಡಬದಿಗೆ ಒರಗಿ ನಿಲ್ಲುತ್ತದೆ, ಅಂಕಿಯಾದದ್ದು ಬಲಬದಿಗೆ. ಕಾಲಂ ಅಗಲ ಮಾಡಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಈ ಗದರಿಕೆ ಬಂದರೆ ಪುಣ್ಯ ಎಂದೇ ತಿಳಿಯಬೇಕು. ಬಾರದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಮಲ್ಪೆಗೆ ಹೋಗಬೇಕು.

ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಟ್ರಾಲ್ ಬೋಟು, ಪರ್ಸಿನ್ ಬೋಟು ಎಲ್ಲವೂ ಮಲ್ಪೆ ಬಂದರಿನಲ್ಲಿ ಒತ್ತೊತ್ತಾಗಿ ಲಂಗರು ಹಾಕುತ್ತವೆ. ನಾಡದೋಣಿಗಳಿಗೆ ಮಾತ್ರ ಮಳೆಗಾಲದಲ್ಲೂ ಅವಕಾಶ. ಹಾಗಾಗಿ ಟ್ರಾಲ್ ಬೋಟಿನ ಲೆಕ್ಕದ ಪುಸ್ತಕದಲ್ಲಿ ಜೂನ್, ಜುಲೈಗೆ ಒಂದು ಬಂಗುಡೆಯೂ ಇರಬಾರದು. ಸೆಪ್ಟೆಂಬರ್ 6ರಂದು ಮೀನು ಇಳಿಸಿದವನು 06/09 ಎಂದು ಬರೆಯುತ್ತಾನೆ. ಅಮೆರಿಕದ ಸೆಟ್ಟಿಂಗಿನ ಎಕ್ಸೆಲ್ ಅದನ್ನು ಜೂನ್ 9 ಎಂದು ಓದಿ ನಿಶ್ಶಬ್ದವಾಗಿ ಒಪ್ಪಿಕೊಳ್ಳುತ್ತದೆ. ಗದರಿಕೆಯಿಲ್ಲ, ಕೆಂಪು ಗುರುತಿಲ್ಲ. ಋತು ಆರಂಭದ ಆಗಸ್ಟ್ 1 ಜನವರಿ 8ಕ್ಕೆ ಹೋಗಿ ಕೂರುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳ ಗತಿ ಇದೇ. ಬೇರೆ ಊರಿನ ವ್ಯಾಪಾರದಲ್ಲಿ ಈ ತಪ್ಪು ಕಾಣದೆ ಹೋಗಬಹುದು. ಮಲ್ಪೆಯಲ್ಲಿ ತಿಂಗಳವಾರು ಗುಂಪು ಮಾಡಿದ ಕೂಡಲೇ ಬಯಲಾಗುತ್ತದೆ, ಏಕೆಂದರೆ ಜೂನ್ ಸಾಲಿನಲ್ಲಿ ಮೀನು ಕುಣಿಯುತ್ತಿರುತ್ತದೆ! ಸರಕಾರ ಮೀನಿನ ಸಂತತಿ ಉಳಿಸಲು ಮಾಡಿದ ನಿಯಮ ಲೆಕ್ಕದವರಿಗೆ ಪುಕ್ಕಟೆ ಆಡಿಟರ್ ಆಗಿ ಒದಗುತ್ತದೆ.

ತಾರೀಕೆಲ್ಲ ಸರಿಯಿದ್ದರೂ ಇನ್ನೊಂದು ಹಳ್ಳ ಕಾದಿರುತ್ತದೆ. ಸಾಲೇ ಇಲ್ಲದ ತಿಂಗಳನ್ನು ಪಿವಟ್ ಸೊನ್ನೆ ಎಂದು ತೋರಿಸುವುದಿಲ್ಲ, ಪಟ್ಟಿಯಿಂದಲೇ ತೆಗೆದುಬಿಡುತ್ತದೆ. ಮೇ ಆದ ಮೇಲೆ ನೇರ ಆಗಸ್ಟ್. ಅದರ ಮೇಲೆ ಗ್ರಾಫ್ ಎಳೆದರೆ ಎರಡು ತಿಂಗಳ ರಜೆಯೇ ಮಾಯವಾಗಿ ಗೆರೆ ಸಲೀಸಾಗಿ ಸಾಗುತ್ತದೆ. 'ಶೋ ಐಟಮ್ಸ್ ವಿತ್ ನೋ ಡೇಟಾ' ಎಂಬ ಆಯ್ಕೆಯನ್ನು ಹುಡುಕಿ ಗುರುತು ಹಾಕಿದರೆ ಮಾತ್ರ ಖಾಲಿ ತಿಂಗಳು ಮರಳುತ್ತದೆ.

ಬೋಟಿನವರ ವರ್ಷ ಶುರುವಾಗುವುದು ಆಗಸ್ಟಿನಲ್ಲಿ, ಮುಗಿಯುವುದು ಮೇ ತಿಂಗಳಲ್ಲಿ. ಬ್ಯಾಂಕಿನವರದು ಏಪ್ರಿಲ್‌ನಿಂದ ಮಾರ್ಚ್, ಬ್ರಿಟಿಷರು 1867ರಲ್ಲಿ ಹೇರಿದ ಕ್ರಮ. ಶಾಲೆಯವರದು ಜೂನ್‌ನಿಂದ. ಎಕ್ಸೆಲ್‌ಗೆ ಗೊತ್ತಿರುವುದು ಜನವರಿಯಿಂದ ಡಿಸೆಂಬರ್ ಒಂದೇ. ಅದರ 'ಕ್ವಾರ್ಟರ್ 1' ಜನವರಿ-ಮಾರ್ಚ್. ಲೆಕ್ಕಪರಿಶೋಧಕರಿಗೆ ಅದು ನಾಲ್ಕನೆಯ ತ್ರೈಮಾಸಿಕ. ಗ್ರೂಪ್ ಪೆಟ್ಟಿಗೆಯಲ್ಲಿ ಇದನ್ನು ಬದಲಿಸುವ ಗುಂಡಿ ಇಲ್ಲ. ಉಪಾಯ ಸುಲಭದ್ದು: ಮೂಲ ಹಾಳೆಯಲ್ಲಿ ಇನ್ನೊಂದು ಕಾಲಂ ಮಾಡಿ, ತಾರೀಕನ್ನು ಮೂರು ತಿಂಗಳು ಹಿಂದಕ್ಕೆ ಸರಿಸಿ ಬರೆದು, ಆ ಸರಿಸಿದ ತಾರೀಕಿನ ಮೇಲೆ ಗುಂಪು ಮಾಡುವುದು. ಏಪ್ರಿಲ್ ಜನವರಿಯಾಗಿ, ತ್ರೈಮಾಸಿಕ ತಾನಾಗಿ ಸರಿಹೋಗುತ್ತದೆ. ಮಲ್ಪೆಯವರು ಏಳು ತಿಂಗಳು ಹಿಂದಕ್ಕೆ ಸರಿಸಿದರಾಯಿತು.

ಆದರೆ ಹಿಂದಕ್ಕೆ ಸರಿಸುವ ಈ ಉಪಾಯಕ್ಕೂ ಬಗ್ಗದ ಒಂದು ಕಾಲಮಾನ ಉಡುಪಿಯಲ್ಲಿದೆ.

ರಥಬೀದಿಯ ಸುತ್ತ ಅಂಗಡಿ, ಹೊಟೇಲ್, ಲಾಡ್ಜ್ ನಡೆಸುವವರು ಹಳೆಯ ಮಾತು ಬಂದಾಗ ಇಸವಿ ಹೇಳುವುದು ಕಡಿಮೆ. 'ಪಲಿಮಾರು ಪರ್ಯಾಯದ ಸಮಯ', 'ಅದಮಾರು ಪರ್ಯಾಯದಲ್ಲಿ' ಎನ್ನುತ್ತಾರೆ. ಕೃಷ್ಣಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಸರದಿಯಂತೆ ಎರಡೆರಡು ವರ್ಷಕ್ಕೆ ಬದಲಾಗುತ್ತದೆ. ಮೊದಲು ಎರಡೆರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ಎಂಟು ಮಠದ ಒಂದು ಸುತ್ತು 16 ವರ್ಷ. ಈಗ ಸಮಸಂಖ್ಯೆಯ ಇಸವಿಯ ಜನವರಿ 18ರಂದು ಪೀಠ ಬದಲಾಗುತ್ತದೆ: 2016 ಪೇಜಾವರ, 2018 ಪಲಿಮಾರು, 2020 ಅದಮಾರು, 2022 ಕೃಷ್ಣಾಪುರ, 2024 ಪುತ್ತಿಗೆ, 2026 ಶೀರೂರು. ಪರ್ಯಾಯದ ಮೊದಲ ತಿಂಗಳುಗಳ ವ್ಯಾಪಾರವನ್ನು ಹಿಂದಿನ ಪರ್ಯಾಯದ ಮೊದಲ ತಿಂಗಳುಗಳಿಗೇ ಹೋಲಿಸಬೇಕು, ಹಿಂದಿನ ವರ್ಷಕ್ಕಲ್ಲ.

ಎಕ್ಸೆಲ್‌ನ ಪೆಟ್ಟಿಗೆಯಲ್ಲಿ ಆರಂಭದ ತಾರೀಕು ಕೊಡಬಹುದು, ಎಷ್ಟು ದಿನಕ್ಕೊಂದು ಗುಂಪು ಎಂದೂ ಹೇಳಬಹುದು. 2016ರ ಜನವರಿ 18 ಕೊಟ್ಟು 730 ದಿನ ಎಂದರೆ ಆಯಿತಲ್ಲ? ಆಗುವುದಿಲ್ಲ. ಅಧಿಕ ವರ್ಷದಲ್ಲಿ ಆರಂಭವಾಗುವ ಪರ್ಯಾಯಕ್ಕೆ 731 ದಿನ, ಉಳಿದವಕ್ಕೆ 730. ಮೊದಲ ಸುತ್ತಿನಲ್ಲೇ ಒಂದು ದಿನ ಜಾರಿ ಪಲಿಮಾರು ಪರ್ಯಾಯ ಜನವರಿ 17ಕ್ಕೆ ಶುರುವಾಗುತ್ತದೆ. 2022ರ ಗುಂಪು ಜನವರಿ 16ರಿಂದ, 2026ರದು 15ರಿಂದ. ಸ್ವಾಮೀಜಿ ಸರ್ವಜ್ಞ ಪೀಠ ಏರುವುದಕ್ಕೆ ಮೂರು ದಿನ ಮೊದಲೇ ಕಂಪ್ಯೂಟರ್ ಅವರಿಗೆ ಪಟ್ಟ ಕಟ್ಟಿರುತ್ತದೆ. ಪರ್ಯಾಯದ ಮುನ್ನಾದಿನಗಳ ಉಡುಪಿ ಎಂದರೆ ಕಾಲಿಡಲು ಜಾಗವಿರದ ಉಡುಪಿ. ಆ ಮೂರು ದಿನದ ಗಲ್ಲಾಪೆಟ್ಟಿಗೆ ಯಾರ ಲೆಕ್ಕಕ್ಕೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ದಾರಿ ಇದೆ. ಇನ್ನೊಂದು ಹಾಳೆಯಲ್ಲಿ ಆರಂಭದ ತಾರೀಕು ಮತ್ತು ಮಠದ ಹೆಸರು ಇರುವ ಪುಟ್ಟ ಪಟ್ಟಿ ಮಾಡಿ, ವಿ-ಲುಕಪ್ ಮೂಲಕ ಪ್ರತಿ ಸಾಲಿಗೂ ಪರ್ಯಾಯದ ಹೆಸರು ಅಂಟಿಸುವುದು. ಪಟ್ಟಿ ತಾರೀಕಿನ ಏರಿಕೆ ಕ್ರಮದಲ್ಲಿರಬೇಕು, ಸೂತ್ರದ ಕೊನೆಗೆ 'ಟ್ರೂ' ಎಂದಿರಬೇಕು, ಅಷ್ಟೇ. ಆಮೇಲೆ ಗ್ರೂಪ್ ಗುಂಡಿಯೇ ಬೇಡ, ಆ ಕಾಲಂ ಎಳೆದು ತಂದರೆ ಗುಂಪು ಸಿದ್ಧ. ಆದರೂ ಒಂದು ತುಂಟ ಪ್ರಶ್ನೆ ಉಳಿಯುತ್ತದೆ. ಪರ್ಯಾಯಕ್ಕೆ ಮುಂಚಿನ ದಿನಗಳಲ್ಲಿ ಊರೂರಿನಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ ಹೊತ್ತ ಹೊರೆಕಾಣಿಕೆ ಮೆರವಣಿಗೆ ಬರುತ್ತದಲ್ಲ, ಅದು ತಾರೀಕಿನ ಪ್ರಕಾರ ಇಳಿಯುವ ಮಠದ ಅವಧಿ, ಉದ್ದೇಶದ ಪ್ರಕಾರ ಏರುವ ಮಠದ್ದು. ಇದನ್ನು ಯಾವ ಸೂತ್ರವೂ ಊಹಿಸಲಾರದು. ಬರೆಯುವಾಗಲೇ 'ಯಾವುದಕ್ಕಾಗಿ' ಎಂಬ ಕಾಲಂ ಇಟ್ಟವನು ಗೆದ್ದ.

ಮಲ್ಲಿಗೆ ದರಕ್ಕೂ ಇಂಥದೇ ಕಾಟ. ತುಳುವರ ಆಟಿ ತಿಂಗಳಲ್ಲಿ ಮದುವೆಯಿಲ್ಲ, ಹೂವು ಕೇಳುವವರು ಕಡಿಮೆ. ಸೋಣ ತಿಂಗಳು ಬಂತೆಂದರೆ ಅಷ್ಟಮಿ, ಚೌತಿ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಇಂಗ್ಲಿಷ್ ತಿಂಗಳ ಪ್ರಕಾರ ಗುಂಪು ಮಾಡಿದರೆ ಹಬ್ಬದ ಬೇಡಿಕೆ ಒಂದು ವರ್ಷ ಸೆಪ್ಟೆಂಬರಿನ ಪಾಲು, ಮರುವರ್ಷ ಆಗಸ್ಟಿನ ಪಾಲು. ಸೆಪ್ಟೆಂಬರಿನ ಎರಡು ಸರಾಸರಿ ಪಕ್ಕಪಕ್ಕ ಇಟ್ಟು ಮಾರುಕಟ್ಟೆ ಬಿತ್ತು ಎನ್ನುವವರೂ ಇರುತ್ತಾರೆ. ಬಿದ್ದದ್ದು ಏನೂ ಇಲ್ಲ, ಗಣಪತಿ ಹನ್ನೊಂದು ದಿನ ಮೊದಲು ಬಂದ, ಅಷ್ಟೇ. ತುಳು ತಿಂಗಳ ಪ್ರಕಾರ ಕಟ್ಟಿದರೆ ಎರಡೂ ಚೌತಿ ಸೋಣದೊಳಗೇ ಬೀಳುತ್ತವೆ. ಹಾಗೆಂದು ಬೀಗುವ ಹಾಗೂ ಇಲ್ಲ: 2023ರಲ್ಲಿ ಅಧಿಕ ಶ್ರಾವಣ ನುಗ್ಗಿ ಚೌತಿ ಸೆಪ್ಟೆಂಬರ್ 18-19ಕ್ಕೆ ಹೋಗಿ, ಸೋಣ ದಾಟಿ ಕನ್ಯಾ ತಿಂಗಳಿಗೆ ಜಾರಿತ್ತು. ಸೌರಮಾನದ ಪೆಟ್ಟಿಗೆಯಲ್ಲಿ ಚಾಂದ್ರಮಾನದ ಹಬ್ಬ ಸದಾ ಕೂರುವುದಿಲ್ಲ. ಹೂವಿನ ಲೆಕ್ಕಕ್ಕೆ ಎಲ್ಲಕ್ಕಿಂತ ಒಗ್ಗುವುದು 'ಚೌತಿಗೆ ಎಷ್ಟು ದಿನ' ಎಂಬ ಕಾಲಂ. ಹಬ್ಬದ ದಿನ ಸೊನ್ನೆ, ಹಿಂದಿನ ದಿನ ಮೈನಸ್ ಒಂದು. ಮೂರು ವರ್ಷದ ಸಾಲುಗಳು ಆಗ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ.

ತಾರೀಕು ಬಿಟ್ಟು ಬರೀ ಅಂಕಿಗೆ ಬಂದರೆ ಸಮಸ್ಯೆಯ ರೂಪ ಬೇರೆ. ಪಿವಟ್ ಅಂಕಿಗಳನ್ನು ಸಮಸಮ ತುಂಡು ಮಾಡುತ್ತದೆ: ಹತ್ತತ್ತು, ಐವತ್ತೈವತ್ತು. ವಯಸ್ಸಿನ ಪಟ್ಟಿಗೆ ಅದು ಸರಿ. ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ತಂದರೆ ನಗೆಪಾಟಲು. ಅಲ್ಲಿ ಬಿಳಿ ಇಡಿ ತಿರುಳಿನ ದರ್ಜೆ ನಿಲ್ಲುವುದು ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಎಷ್ಟು ತಿರುಳು ಎಂಬುದರ ಮೇಲೆ. ಡಬ್ಲ್ಯು-180 ಎಂದರೆ 170ರಿಂದ 180. ಡಬ್ಲ್ಯು-210 ಎಂದರೆ 200ರಿಂದ 210. ಡಬ್ಲ್ಯು-240ಕ್ಕೆ 220-240, ಡಬ್ಲ್ಯು-320ಕ್ಕೆ 300-320, ಡಬ್ಲ್ಯು-450ಕ್ಕೆ 400-450. ಅಂಕಿ ದೊಡ್ಡದಾದಷ್ಟೂ ತಿರುಳು ಚಿಕ್ಕದು, ಬೆಲೆಯೂ ಕಡಿಮೆ. ಇದನ್ನು ಐವತ್ತೈವತ್ತಾಗಿ ಗುಂಪು ಮಾಡಿದರೆ 200-249ರಲ್ಲಿ ಬೇರೆಬೇರೆ ಬೆಲೆಯ ಎರಡು ದರ್ಜೆ ಬೆರೆತುಹೋಗುತ್ತವೆ. 400ರಿಂದ 449ರವರೆಗಿನದು ಒಂದು ಗುಂಪಾಗಿ, ಸರಿಯಾಗಿ 450 ಇರುವ ಮಾಲು ಮಾತ್ರ ಮುಂದಿನ ಗುಂಪಿಗೆ ಹಾರಿ ಒಂಟಿಯಾಗಿ ನಿಲ್ಲುತ್ತದೆ. ದರ್ಜೆ ಮಾಡುವ ಹೆಂಗಸರ ಕೈಗೆ ಈ ಗಡಿಗಳು ತಪ್ಪುವುದಿಲ್ಲ. ಗುಂಡಿಗೆ ತಪ್ಪುತ್ತವೆ.

ಮಳೆಯ ಅಳತೆಯೂ ಹಾಗೆಯೇ. ಹವಾಮಾನ ಇಲಾಖೆಗೆ ದಿನಕ್ಕೆ 64.5 ಮಿಲಿಮೀಟರಿನಿಂದ ಭಾರೀ ಮಳೆ, 115.6ರಿಂದ ಅತಿ ಭಾರೀ, 204.5ರಿಂದ ಅತ್ಯಂತ ಭಾರೀ. ಸಮಾನ ತುಂಡುಗಳಲ್ಲಿ ಈ ಗಡಿ ಯಾವುದೂ ಸಿಗುವುದಿಲ್ಲ. ಮೇಲಾಗಿ ಇಲಾಖೆಯ 'ದಿನ' ಮುಗಿಯುವುದು ಬೆಳಿಗ್ಗೆ 8.30ಕ್ಕೆ. 2020ರ ಸೆಪ್ಟೆಂಬರ್ 19ರ ರಾತ್ರಿ ಸುರಿದು ಉಡುಪಿಯನ್ನು ಮುಳುಗಿಸಿದ ಮಳೆ ಅವರ ಪುಸ್ತಕದಲ್ಲಿ 20ನೆಯ ತಾರೀಕಿನದು. ಗಂಟೆಗಂಟೆಯ ದಾಖಲೆ ಕೈಲಿರುವವರು ಸಮಯಕ್ಕೆ ಹದಿನೈದೂವರೆ ಗಂಟೆ ಕೂಡಿಸಿ ಗುಂಪು ಮಾಡಿದರೆ ಇಲಾಖೆಯ ಅಂಕಿಗೆ ತಾಳೆಯಾಗುತ್ತದೆ.

ಹೆಸರುಗಳ ಗುಂಪಿನಲ್ಲಿ ಕಷ್ಟ ಇನ್ನೂ ಮನೆಯೊಳಗಿನದು. ಉಡುಪಿಯವರ ಬೂತಾಯಿ ಕುಂದಾಪುರದವರಿಗೆ ಬೈಗೆ, ಕಾರವಾರದ ಕಡೆಯವರಿಗೆ ತಾರ್ಲೆ. ಮೂವರು ಬರೆದ ಹಾಳೆ ಸೇರಿಸಿದರೆ ಒಂದೇ ಮೀನು ಮೂರು ಸಾಲಾಗುತ್ತದೆ. ಕಂಟ್ರೋಲ್ ಒತ್ತಿ ಮೂರನ್ನೂ ಆಯ್ದು ಗ್ರೂಪ್ ಮಾಡಬಹುದು. ಎಕ್ಸೆಲ್ ಅದಕ್ಕೆ 'ಗ್ರೂಪ್1' ಎಂದು ನಿರ್ಭಾವುಕ ಹೆಸರಿಡುತ್ತದೆ, ಅಳಿಸಿ 'ಬೂತಾಯಿ' ಎಂದು ಬರೆದರಾಯಿತು. ಆದರೆ ನಾಳೆ ಇನ್ನೊಬ್ಬ ಬಂದು 'ಬುತಾಯಿ' ಎಂದು ಬರೆದರೆ ಅದು ಗುಂಪಿಗೆ ಸೇರದೆ ಹೊರಗೆ ನಿಲ್ಲುತ್ತದೆ. ಇಲ್ಲೂ ಹೆಸರುಗಳ ಪಟ್ಟಿ ಮಾಡಿಟ್ಟು ಲುಕಪ್ ಮಾಡುವುದೇ ಬಾಳಿಕೆಯ ದಾರಿ.

ಒಂದೇ ಹಾಳೆಯಿಂದ ಎರಡು ಪಿವಟ್ ಮಾಡಿದವರು ತಲೆ ಕೆರೆದುಕೊಳ್ಳುವ ಇನ್ನೊಂದು ಸಂಗತಿ: ಮೊದಲನೆಯದರಲ್ಲಿ ತಿಂಗಳವಾರು ಗುಂಪು ಮಾಡಿದರೆ ಎರಡನೆಯದೂ ತಾನಾಗಿ ತಿಂಗಳವಾರು ಆಗುತ್ತದೆ. ಎರಡಕ್ಕೂ ಒಳಗಿನ ಉಗ್ರಾಣ ಒಂದೇ ಆದ್ದರಿಂದ ಹೀಗೆ. ಎಕ್ಸೆಲ್ 2016ರಿಂದ ಈಚೆಗೆ ತಾರೀಕನ್ನು ಎಳೆದು ಬಿಟ್ಟ ಕೂಡಲೇ ಅದು ಕೇಳದೆಯೇ ಗುಂಪು ಮಾಡಿಬಿಡುವುದೂ ಉಂಟು. ಕಂಟ್ರೋಲ್-ಝಡ್ ಒತ್ತಿದರೆ ಬಿಡಿಸಿಕೊಳ್ಳುತ್ತದೆ. ತಿಂಗಳನ್ನು ಮಾತ್ರ ಆಯ್ದು ವರ್ಷವನ್ನು ಮರೆತರೆ ಮೂರು ವರ್ಷದ ಮೇ ತಿಂಗಳು ಒಂದೇ ಮೇ ಆಗಿ ಕೂಡಿಹೋಗುತ್ತದೆ. ಹೊಸಬರು ಬೀಳುವ ಮೊದಲ ಗುಂಡಿ ಇದೇ.

ಗುಂಪು ಬದಲಾಗುವುದು ಲೆಕ್ಕದವರ ಇಷ್ಟದಿಂದ ಮಾತ್ರವಲ್ಲ, ಸರಕಾರದ ಆದೇಶದಿಂದಲೂ. 1997ರ ಆಗಸ್ಟ್ 25ರಂದು ಉಡುಪಿ ಜಿಲ್ಲೆ ದಕ್ಷಿಣ ಕನ್ನಡದಿಂದ ಬೇರೆಯಾದಾಗ ಅದಕ್ಕೆ ಇದ್ದದ್ದು ಮೂರು ತಾಲೂಕು: ಉಡುಪಿ, ಕುಂದಾಪುರ, ಕಾರ್ಕಳ. 2011ರ ಜನಗಣತಿಯ 11,77,361 ಜನ ಎಣಿಸಲ್ಪಟ್ಟದ್ದೂ ಆ ಮೂರರಲ್ಲೇ. ಆಮೇಲೆ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ಸೇರಿ ಏಳಾದವು. 2011ರ ಉಡುಪಿ ತಾಲೂಕನ್ನು ಈಗಿನ ಉಡುಪಿ ತಾಲೂಕಿನ ಪಕ್ಕದಲ್ಲಿಟ್ಟರೆ ಜನ ಊರು ಬಿಟ್ಟು ಓಡಿದಂತೆ ಕಾಣುತ್ತದೆ. ಓಡಿದ್ದು ಗಡಿ. ಹಳೆಯ ತಾಲೂಕುವಾರು ಮೊತ್ತವನ್ನಷ್ಟೇ ಉಳಿಸಿಕೊಂಡವರಿಗೆ ಅದರೊಳಗಿಂದ ಕಾಪುವನ್ನು ಹೆಕ್ಕಿ ತೆಗೆಯಲು ಬರುವುದಿಲ್ಲ. ಗ್ರಾಮಕ್ಕೊಂದು ಸಾಲು ಉಳಿಸಿಕೊಂಡವರು 'ಈಗಿನ ತಾಲೂಕು' ಎಂಬ ಕಾಲಂ ಸೇರಿಸಿ, ಹಳೆಯ ಅಂಕಿಯನ್ನು ಹೊಸ ಗಡಿಗೆ ಸಂಜೆಯೊಳಗೆ ಹೊಂದಿಸಬಹುದು. ಮುಂದಿನ ಜನಗಣತಿಗೆ ನಿಗದಿಯಾದ ದಿನ 2027ರ ಮಾರ್ಚ್ 1. ಶಂಕರಪುರದ ಮನೆಗಳನ್ನು ಕಾಪು ತಾಲೂಕಿನ ಲೆಕ್ಕಕ್ಕೆ ಏರಿಸುವ ಮೊದಲ ಜನಗಣತಿ ಅದು.